ಮೊಂತಿ ಹಬ್ಬದ ಶಾಲು

ಘಣಸೋಲಿ, ನವಿ ಮುಂಬಯಿ
ಮಂಗಳವಾರ, ೧೦ ಸೆಪ್ಟೆಂಬರ್ ೨೦೨೪

ಪ್ರೀತಿಯ ವಿನ್ನಿ ಪುತಾ,

ಹೇಗಿದ್ದಿ? ಕೆಮ್ಮು ಕಡಿಮೆಯಾಯಿತಾ? ಫೋನಿನಲ್ಲಿ ನಿನ್ನ ಗಂಟಲು ಒಡೆದ ಹಾಗೆ ಕೇಳುತ್ತಿತ್ತು. ಹಾಸನದ ಕಡೆ ಈ ತಿಂಗಳು ಬೆಳಗ್ಗೆ ಒಳ್ಳೆಯ ಚಳಿ ಎಂದು ಪಪ್ಪಾ ಹೇಳಿದರು. ನಾನು ಕಳಿಸಿದ ಕಪ್ಪು ಸ್ವೆಟರ್ ಹಾಕಿಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ರಾತ್ರಿ ಮಲಗುವ ಮೊದಲು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಇಲ್ಲಿ ನಾವು ಇದ್ದೇವೆ, ಇದ್ದ ಹಾಗೆ. ಪಪ್ಪಾನ ಶುಗರ್ ಏರುತ್ತ ಇಳಿಯುತ್ತ ಉಂಟು. ನಿನ್ನ ತಮ್ಮ ಸುಜನ್‌ಗೆ ಐರೋಲಿಯ ಆಫೀಸಿನಲ್ಲಿ ಮತ್ತೆ ಶಿಫ್ಟ್ ಬದಲಾಯಿತು, ನಾವು ಏಳುವಾಗ ಅವನು ಮಲಗುತ್ತಾನೆ. ಅಜ್ಜಿ ಜೂನ್‌ನಲ್ಲಿ ಬಾತ್‌ರೂಮಿನಲ್ಲಿ ಜಾರಿದ ಮೇಲೆ ಮೊಣಕಾಲು ಸರಿ ಬರಲೇ ಇಲ್ಲ, ವಾಕರ್ ಹಿಡಿದೇ ನಡೆಯುತ್ತಾರೆ. ನನ್ನದೇನು ಹೇಳಲಿ, ಸೀವುಡ್ಸ್‌ನ ಕಣ್ಣಿನ ಕ್ಲಿನಿಕ್ಕಿನ ಕೌಂಟರ್, ಅಲ್ಲಿಂದ ನಿಂತುಕೊಂಡೇ ಲೋಕಲ್, ಮನೆಗೆ ಬಂದರೆ ಅಜ್ಜಿಯ ಸ್ನಾನ, ಅಡುಗೆ. ಕಾಲು ನನ್ನದೇ ಹೌದಾ ಎಂದು ಕೆಲವೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ. ನನ್ನ ಕನ್ನಡ ನೋಡಿ ನಗಬೇಡ. ಮಾತಿಗೆ ಕೊಂಕಣಿ, ಬರೆಯುವುದಕ್ಕೆ ಕನ್ನಡ ಎಂದು ನನ್ನ ಅಮ್ಮ ಕಲಿಸಿದ್ದು. ಡೊಂಬಿವಲಿಯ ಮನೆಯಲ್ಲಿ ನಿನಗೆ ನಾನು ಅಕ್ಷರ ತಿದ್ದಿಸುವಾಗ ನೀನು ಅತ್ತು ಮರಾಠಿಯಲ್ಲಿ ಬೈಯುತ್ತಿದ್ದಿ. ಈಗ ಅಲ್ಲಿಯ ಮಕ್ಕಳಿಗೆ ಪಾಠ ಮಾಡಿ ಮಾಡಿ ನಿನ್ನ ಕನ್ನಡವೇ ನನ್ನದಕ್ಕಿಂತ ಚಂದ ಆಗಿದೆ.

ಒಂದನೇ ತಾರೀಕು ಭಾನುವಾರ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ ಎಂದು ನಿನಗೆ ಬೇಸರವಾಗಿರಬಹುದು. ಮನೆಯಲ್ಲಿ ಜನ ಇದ್ದರು ಪುತಾ. ಮೊಂತಿ ಹಬ್ಬದ ನೊವೆನಾ ಶುರುವಾಗಿತ್ತಲ್ಲ, ಮರಿಯಮ್ಮನಿಗೆ ಒಂಬತ್ತು ದಿನವೂ ಮಕ್ಕಳು ಹೂ ಹಾಕಬೇಕು. ಈ ವರ್ಷ ಗಣಪತಿಯೂ ಅದೇ ವಾರ ಬಂದದ್ದರಿಂದ ಮಾರ್ಕೆಟಿನಲ್ಲಿ ಒಳ್ಳೆ ಹೂವೇ ಸಿಗುತ್ತಿರಲಿಲ್ಲ. ಮೂರನೇ ಮಾಳಿಗೆಯ ಜಯಲತಾ ತನ್ನ ಗಣಪತಿಗೆ ಇಟ್ಟುಕೊಂಡ ದಾಸವಾಳದಲ್ಲೇ ಅರ್ಧ ನಮಗೆ ತಂದುಕೊಟ್ಟಳು. ನಮ್ಮ ಕೊಂಕಣಿ ಹೆಂಗಸರೆಲ್ಲ ಹಾಲ್‌ನಲ್ಲಿ ಕೂತು ಎಸಳು ಬಿಡಿಸುತ್ತಿದ್ದರು, ನಾನು ಫೋನ್ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ನೀನು ಮೊದಲು ಕೆಮ್ಮಿದಿ. ಆಮೇಲೆ ಸಣ್ಣ ಧ್ವನಿಯಲ್ಲಿ, "ಮಮ್ಮಿ, ಡಿಸೆಂಬರಿನಲ್ಲಿ ಸಿಸ್ಟರ್ ಆಗುವ ವ್ರತ ತೆಗೆದುಕೊಳ್ಳದೆ ನಾನು ಮನೆಗೆ ಬಂದರೆ ಆದೀತಾ?" ಅಂದಿ. ನನ್ನ ಕೈಯಲ್ಲಿ ಚಹಾದ ಸೌಟು ಇತ್ತು. "ಬರೆಯುತ್ತೇನೆ" ಅಂದೆ, ಅಷ್ಟೇ. ನೀನು ಕೂಡಲೇ "ಅಜ್ಜಿಗೆ ಕೊಡು" ಅಂದಿ. ಅವರ ಹತ್ತಿರ ನಗುತ್ತ ಮಾತಾಡಿದಿ, ಕಾನ್ವೆಂಟಿನ ದನ ಕರು ಹಾಕಿದ್ದು ಹೇಳಿದಿ. ತಿಂಗಳಿಗೆ ಹತ್ತು ನಿಮಿಷ ಸಿಗುವ ಫೋನಿನಲ್ಲಿ ಆ ಒಂದು ಪ್ರಶ್ನೆ ಕೇಳುವುದಕ್ಕೆ ಎಷ್ಟು ದಿನದಿಂದ ಧೈರ್ಯ ಒಟ್ಟುಮಾಡಿದ್ದಿಯೋ ಎಂದು ನಾನು ಮತ್ತೆ ಮತ್ತೆ ಯೋಚನೆ ಮಾಡಿದೆ.

ಅದಕ್ಕೆ ಉತ್ತರವಾಗಿ ಈ ಪತ್ರ. ಆದರೆ ನಡೆದದ್ದೆಲ್ಲ ಹೇಳಿಯೇ ಹೇಳಬೇಕು, ಇಲ್ಲದಿದ್ದರೆ ನಿನಗೆ ಅರ್ಧ ತಿಳಿದ ಹಾಗೆ ಆಗುತ್ತದೆ.

ಅಜ್ಜಿಯ ಹರಕೆಯ ಕಥೆ ನಿನಗೆ ಹೊಸತಲ್ಲ. ಏಳು ತಿಂಗಳಿಗೇ ಹುಟ್ಟಿದ ನಿನ್ನನ್ನು ಡೊಂಬಿವಲಿಯ ನರ್ಸಿಂಗ್ ಹೋಮಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಂಗೈಯಷ್ಟು ಇದ್ದಿ. ಡಾಕ್ಟರ್ ಏನೂ ಹೇಳಲು ಆಗುವುದಿಲ್ಲ ಎಂದು ಕೈ ಚೆಲ್ಲಿದಾಗ ಅಜ್ಜಿ ಹೊರಗಿನ ಬೆಂಚಿನಲ್ಲಿ ಕೂತು, ಈ ಕೂಸು ಉಳಿದರೆ ನಿನಗೇ ಕೊಡುತ್ತೇನೆ ಎಂದು ಮರಿಯಮ್ಮನಿಗೆ ಹೇಳಿಕೊಂಡರು. ನೀನು ಉಳಿದಿ. ಆಮೇಲೆ ಪ್ರತಿ ವರ್ಷ ಮೊಂತಿ ಹಬ್ಬಕ್ಕೆ ನಿನಗೆ ಬಿಳಿ ಫ್ರಾಕು, ಚರ್ಚಿನಲ್ಲಿ ಮೊದಲ ಸಾಲು. ಮರಿಯಮ್ಮ ಹುಟ್ಟಿದ ದಿನ ಎಲ್ಲ ಮಕ್ಕಳೂ ತೊಟ್ಟಿಲಿನ ಪುಟ್ಟ ವಿಗ್ರಹಕ್ಕೆ ಹೂ ಎಸೆದು ಹಿಂದೆ ಓಡುತ್ತಿದ್ದರು, ನೀನು ಮಾತ್ರ ಅಲ್ಲೇ ಮೊಣಕಾಲೂರಿ ಕೂರುತ್ತಿದ್ದಿ, ಅಜ್ಜಿ ಹಾಗೆ ಕಲಿಸಿದ್ದರು. ನಾಲ್ಕು ವರ್ಷಕ್ಕೇ ಜನ ನಿನ್ನನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು. ಕಾಲೇಜು ಮುಗಿಸಿ ನೀನು ಕಾನ್ವೆಂಟಿಗೆ ಹೋಗುತ್ತೇನೆ ಎಂದಾಗ ಯಾರೂ ಒತ್ತಾಯ ಮಾಡಿರಲಿಲ್ಲ. ಒತ್ತಾಯ ಮಾಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಅಜ್ಜಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ಬೆಂಚಿನಲ್ಲಿ ನಾನಿದ್ದರೆ ನಾನು ಏನು ಹೇಳಿಕೊಳ್ಳುತ್ತಿದ್ದೆನೋ ಯಾರಿಗೆ ಗೊತ್ತು.

ನಿನ್ನ ಫೋನ್ ಬಂದ ವಾರವೇ, ಗುರುವಾರ, ನೊವೆನಾ ಆದ ಮೇಲೆ ನಮ್ಮ ಹೊಸ ಫಾದರ್ ಒಂದು ಪ್ರಕಟಣೆ ಮಾಡಿದರು. ಇವರು ವಸಾಯಿ ಕಡೆಯವರು, ಒಳ್ಳೆಯವರು, ಮರಾಠಿ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಒಬ್ಬ ತಾಯಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗು ಮರಿಯಮ್ಮ ದೇವರಿಗೆ ಹೌದೆಂದದ್ದಕ್ಕೆ ನಾವೆಲ್ಲ ಇದ್ದೇವೆ, ಹಾಗಾಗಿ ಈ ಸಲ ಹಬ್ಬದ ಪೂಜೆಯಲ್ಲಿ, ಮಕ್ಕಳನ್ನು ದೇವರ ಸೇವೆಗೆ ಕೊಟ್ಟ ತಾಯಂದಿರಿಗೆ, ಅಜ್ಜಿಯಂದಿರಿಗೆ ಶಾಲು ಹೊದಿಸಿ ಗೌರವಿಸುತ್ತೇವೆ ಅಂದರು. ಓದಿದ ಮೂರು ಹೆಸರಿನಲ್ಲಿ ಒಂದು ಅಜ್ಜಿಯದು. ನನ್ನ ಹೆಸರು ಇರಲಿಲ್ಲ. ನಿನ್ನನ್ನು ಕೊಟ್ಟದ್ದು ಅಜ್ಜಿ ಎಂದೇ ಊರಿಗೆಲ್ಲ ಗೊತ್ತು, ನನಗೆ ಅದರಲ್ಲಿ ಬೇಸರವೂ ಇಲ್ಲ. ಮನೆಗೆ ಬರುವಾಗ ರಿಕ್ಷಾದಲ್ಲಿ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಸತ್ತ ಮೇಲೆ ಸಿಗುವುದು ಸಿಗಲಿ, ಬದುಕಿದ್ದಾಗಲೇ ಒಂದು ಸಿಕ್ಕಿತು ನೋಡು" ಅಂದರು. ಅವರ ಕೈ ಬಿಸಿಯಾಗಿತ್ತು. ನಾನು ರಸ್ತೆ ನೋಡುತ್ತ ಕೂತೆ. ಹೇಳಿದರೆ ಅವರ ಜೀವಮಾನದ ಒಂದು ದಿನ ಹಾಳು. ಹೇಳದಿದ್ದರೆ ಎಲ್ಲರ ಎದುರು ಶಾಲು ಹೊದ್ದವರ ಮನೆಗೆ ನಾಳೆ ನೀನು ಯಾವ ಮುಖ ಹೊತ್ತು ಬರುವುದು? ಆ ಶಾಲು ನಿನ್ನ ದಾರಿಗೆ ಅಡ್ಡ ಕಟ್ಟಿದ ಬೇಲಿಯ ಹಾಗೆ ನನಗೆ ಕಂಡಿತು. ಮರುದಿನ ಕ್ಲಿನಿಕ್ಕಿನಲ್ಲಿ ಪೇಶಂಟುಗಳ ಹೆಸರು ಅದಲುಬದಲು ಕರೆದು ಡಾಕ್ಟರ್ ಹತ್ತಿರ ಬೈಸಿಕೊಂಡೆ.

ಶನಿವಾರ ಚೌತಿಯ ರಜೆ. ಹಬ್ಬಕ್ಕೆ ಭತ್ತದ ತೆನೆ ತರಲು ಪಪ್ಪಾ ಮತ್ತು ನಾನು ಕಲ್ಯಾಣಕ್ಕೆ ಹೋದೆವು. ಮೊದಲಾದರೆ ಘಣಸೋಲಿ ಗಾಂವ್‌ನಲ್ಲೇ ಸ್ವಲ್ಪ ಗದ್ದೆ ಉಳಿದಿತ್ತು, ಈಗ ಅಲ್ಲಿ ಬಿಲ್ಡಿಂಗ್. ಕಲ್ಯಾಣ ಸ್ಟೇಷನ್ ಹೊರಗೆ ಕ್ಯಾಂಟೀನ್ ನಡೆಸುವ ಅಂಗಾರ ಅಂಕಲ್ ನೆನಪಿದ್ದಾರಲ್ಲ, ಕಾರ್ಕಳದವರು, ಪಪ್ಪಾನ ಜೊತೆ ರಬಾಳೆಯ ಫ್ಯಾಕ್ಟರಿಯಲ್ಲಿ ಇದ್ದವರು. ಮುರ್ಬಾಡ್ ರಸ್ತೆಯ ಒಬ್ಬ ರೈತನಿಗೆ ಹೇಳಿ ಎರಡು ಕಟ್ಟು ತೆನೆ ತರಿಸಿಟ್ಟಿದ್ದರು. ತಮ್ಮ ಮನೆಯ ಬಾಗಿಲಿಗೂ ನಾಲ್ಕು ತೆನೆ ಕಟ್ಟಿಕೊಂಡಿದ್ದರು. "ನಮ್ಮಲ್ಲೂ ಕುರಲ್ ಕಟ್ಟುವುದು ಉಂಟಲ್ಲ ಬಾಯಿ, ಊರಿನಲ್ಲಿ ನಿಮ್ಮ ಹಬ್ಬದ ಮರುದಿನವೋ ಏನೋ ನಮ್ಮದು ಬರುತ್ತಿತ್ತು" ಅಂದರು. ಗಣಪತಿಯ ಪಂಚಕಜ್ಜಾಯ ಕೊಟ್ಟರು, ನಿನ್ನನ್ನು ಕೇಳಿದರು. "ಸಿಸ್ಟರ್ ಆದಳಾ?" ಎಂದು. ಪಪ್ಪಾ ದೊಡ್ಡದಾಗಿ, "ಡಿಸೆಂಬರಿಗೆ" ಅಂದರು. ಆ ಮಾತು ಕೇಳಿದ ಮೇಲೆ ನನಗೆ ಇನ್ನು ಒಳಗೆ ಇಟ್ಟುಕೊಳ್ಳಲು ಆಗಲಿಲ್ಲ.

ಠಾಣೆಯಲ್ಲಿ ಗಾಡಿ ಬದಲಿಸಿ ಕೂತ ಮೇಲೆ ಹೇಳಿದೆ. ರಜೆಯ ದಿನ, ಗಾಡಿಯ ಡಬ್ಬಿ ಖಾಲಿ, ತೆನೆಯ ಕಟ್ಟು ಪಪ್ಪಾನ ತೊಡೆಯ ಮೇಲೆ. ನೀನು ಕೇಳಿದ್ದನ್ನು ನೀನು ಕೇಳಿದ ಹಾಗೇ ಹೇಳಿದೆ, ನನ್ನದು ಏನೂ ಸೇರಿಸಲಿಲ್ಲ. ಪಪ್ಪಾ ಕಿಟಕಿಯ ಹೊರಗೆ ನೋಡುತ್ತ ಕೂತರು. ರಬಾಳೆ ಬಂದಾಗ ಎದ್ದು ಇಳಿದುಬಿಟ್ಟರು, ಇಪ್ಪತ್ತೈದು ವರ್ಷದ ಅಭ್ಯಾಸ. ನಾನೂ ಹಿಂದೆಯೇ ಇಳಿದೆ. ಗಾಡಿ ಹೋಯಿತು. ಇದು ನಮ್ಮ ಸ್ಟೇಷನ್ ಅಲ್ಲ ಎಂದು ಅವರಿಗೆ ಆಮೇಲೆ ಗೊತ್ತಾಯಿತು. ಬೆಂಚಿನ ಮೇಲೆ ಕೂತರು. ತೆನೆಯ ಕಟ್ಟು ಪಕ್ಕಕ್ಕೆ ಇಟ್ಟು, "ಹೇಳುವಾಗ ಅತ್ತಳಾ?" ಎಂದು ಕೇಳಿದರು. ಇಲ್ಲ ಅಂದೆ. "ಅಳದಿದ್ದರೆ ಅವಳು ಚೆನ್ನಾಗಿ ಯೋಚನೆ ಮಾಡಿದ್ದಾಳೆ" ಅಂದರು. ಇನ್ನೊಂದು ಗಾಡಿಯೂ ಬಂದು ಹೋಯಿತು, ನಾವು ಏಳಲಿಲ್ಲ. ಆಮೇಲೆ ಅವರು, "ಅಮ್ಮನಿಗೆ ಹಬ್ಬ ಮುಗಿಯಲಿ. ಎಂಬತ್ತು ದಾಟಿದವರ ಕೈಯಿಂದ ಒಂದು ದಿನವನ್ನು ಯಾಕೆ ಕಿತ್ತುಕೊಳ್ಳುವುದು" ಅಂದರು. ನಾನು ಶಾಲಿನ ವಿಷಯ ಹೇಳಿದೆ. ಶಾಲು ಹೊದ್ದ ಮೇಲೆ ಹೇಳಿದರೆ ಅವರಿಗೆ ಇನ್ನೂ ದೊಡ್ಡ ಅವಮಾನ, ವಿನ್ನಿಗೆ ಇನ್ನೂ ದೊಡ್ಡ ಭಾರ ಅಂದೆ. ಮೂರನೇ ಗಾಡಿಗೆ ಹತ್ತುವಾಗ, "ನೀನೇ ಹೇಳು. ನನಗೆ ಆಗುವುದಿಲ್ಲ" ಅಂದರು. ಅಷ್ಟೂ ಕಷ್ಟದ ಮಾತು ಯಾವಾಗಲೂ ಸೊಸೆಯ ಪಾಲಿಗೇ ಬರುತ್ತದೆ, ನೀನು ಮದುವೆಯಾದರೂ ಆಗದಿದ್ದರೂ ಇದು ತಿಳಿದಿರಲಿ.

ಆ ದಿನ ಸಂಜೆ ದೀಪ ಹಚ್ಚಿ ತೇರ್ಸ್ ಜಪ ಹೇಳಿದ ಮೇಲೆ ಅಜ್ಜಿ ಮಂಚದಲ್ಲಿ ಕೂತು ತೆನೆಗಳನ್ನು ಬಿಡಿಸಿ ಸಣ್ಣ ಸಣ್ಣ ಕಟ್ಟು ಮಾಡುತ್ತಿದ್ದರು. ಕೆಳಗೆ ಸೊಸೈಟಿಯ ಗಣಪತಿಯ ಆರತಿ ನಡೆಯುತ್ತಿತ್ತು, ಅದು ಮುಗಿಯುವವರೆಗೆ ಕಾದೆ. ಆಮೇಲೆ ಅವರ ಕಾಲ ಹತ್ತಿರ ನೆಲದಲ್ಲಿ ಕೂತು ಹೇಳಿದೆ. ಅಜ್ಜಿಯ ಕೈ ನಿಂತಿತು. "ಇದು ನಿನ್ನ ಬಾಯಿಂದ ಬಂದದ್ದಾ, ಅವಳ ಬಾಯಿಂದ ಬಂದದ್ದಾ?" ಎಂದು ಕೇಳಿದರು. "ಅವಳ ಬಾಯಿಂದ, ಮಾಂಯ್" ಅಂದೆ. ನನ್ನ ಮುಖವನ್ನೇ ನೋಡಿದರು, ಸುಳ್ಳು ಎಲ್ಲಿಯಾದರೂ ಇದೆಯಾ ಎಂದು ಹುಡುಕುವ ಹಾಗೆ. ಮತ್ತೆ ತೆನೆ ಕಟ್ಟಲು ಶುರುಮಾಡಿದರು. ದಾರ ಸರಿಯಾಗಿ ಕೂರುತ್ತಿರಲಿಲ್ಲ, ನಾನು ಕೈ ಹಾಕಿದರೆ ನನ್ನ ಕೈ ಸರಿಸಿದರು. ಎಲ್ಲ ಕಟ್ಟಿ ಆದ ಮೇಲೆ, "ನಾಳೆಯ ನನ್ನ ಸೀರೆ ಇಸ್ತ್ರಿ ಆಗಿದೆಯಾ?" ಎಂದು ಕೇಳಿದರು. ಆಗಿದೆ ಅಂದೆ. ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ಸುಜನ್ ಹೋಗಿ, "ಅಜ್ಜಿ, ಥೋಡಾ ಖಾ ಲೋ" ಎಂದು ಕರೆದ, ಅವರು ಹೊದಿಕೆ ಎಳೆದುಕೊಂಡರು. ಸೀರೆ ಕೇಳಿದ್ದರಿಂದ ನನಗೆ ತಿಳಿಯಿತು, ಅವರು ಶಾಲು ಹೊದೆಯಲು ಹೋಗುತ್ತಾರೆ. ನನಗೆ ಸಿಟ್ಟು ಬಂತು ವಿನ್ನಿ. ಇಷ್ಟು ವರ್ಷ ಅವರ ಮೇಲೆ ಅಂಥ ಸಿಟ್ಟು ಬಂದದ್ದಿಲ್ಲ.

ಭಾನುವಾರ ಹಬ್ಬ. ಬೆಳಗಿನಿಂದಲೇ ಸಣ್ಣ ಮಳೆ. ಚರ್ಚಿನ ಅಂಗಳದಲ್ಲಿ ಮಕ್ಕಳು ಹೂವಿನ ಬುಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಂಡು ನಿಂತಿದ್ದವು. ಮರಿಯಮ್ಮನ ತೊಟ್ಟಿಲನ್ನು ಈ ಸಲ ನೀಲಿ ಬಟ್ಟೆಯಲ್ಲಿ ಸಿಂಗರಿಸಿದ್ದರು. ಮಕ್ಕಳು ಹೂ ಹಾಕಿ ಹಾಕಿ ವಿಗ್ರಹದ ಮೂಗು ಮಾತ್ರ ಕಾಣುತ್ತಿತ್ತು. ಒಂದು ಸಣ್ಣ ಹುಡುಗಿ ತನ್ನ ಬುಟ್ಟಿಯ ಹೂ ಮುಗಿದ ಮೇಲೆ ನೆಲದ ಹೂ ಹೆಕ್ಕಿ ಮತ್ತೆ ಸಾಲಿನಲ್ಲಿ ಬಂದು ನಿಂತಳು. ಅದನ್ನು ನೋಡಿ ನನಗೆ ನಗು ಬರಬೇಕಿತ್ತು. ಅಜ್ಜಿ ನನ್ನ ಪಕ್ಕದಲ್ಲಿ ಕೂರಲಿಲ್ಲ, ಸುಜನ್‌ನನ್ನು ನಡುವೆ ಕೂರಿಸಿಕೊಂಡರು. ತೆನೆಗಳ ಆಶೀರ್ವಾದ ಆಯಿತು, ಫಾದರ್ ಅವರ ಪ್ರಸಂಗ ಆಯಿತು. ಆಮೇಲೆ ಹೆಸರು ಕರೆದರು. ಮೊದಲಿನ ಇಬ್ಬರು ಹೋಗಿ ಶಾಲು ಹೊದ್ದು ಕೈ ಮುಗಿದು ಬಂದರು. "ಕಾರ್ಮಿನ್ ಬಾಯಿ" ಎಂದಾಗ ಅಜ್ಜಿ ವಾಕರ್ ಬಿಟ್ಟು ಸುಜನ್‌ನ ತೋಳು ಹಿಡಿದು ಹೋದರು. ಅಷ್ಟು ದೂರ ಹೋಗಲು ಅವರಿಗೆ ಹಿಡಿದ ಹೊತ್ತು ನಾನು ನೆಲ ನೋಡುತ್ತಿದ್ದೆ. ಫಾದರ್ ಶಾಲು ಹೊದಿಸಿ, ಈ ತಾಯಿ ತನ್ನ ಮೊಮ್ಮಗಳನ್ನು ದೇವರಿಗೆ ಕೊಟ್ಟರು ಎಂದು ಮರಾಠಿಯಲ್ಲಿ ಹೇಳಿ, ಎರಡು ಮಾತಾಡಲಿ ಎಂದು ಮೈಕ್ ಅವರ ಬಾಯಿಗೆ ಹಿಡಿದರು. ಮೊದಲಿನ ಇಬ್ಬರು ಧನ್ಯವಾದ ಅಂದಿದ್ದರು.

ಅಜ್ಜಿ ಮೊದಲು ಶಾಲಿನ ಅಂಚು ಸರಿಮಾಡಿಕೊಂಡರು. ಮಾತು ಮರೆತಿದ್ದಾರೆ ಎಂದು ಫಾದರ್ ಮೈಕ್ ಹಿಂದೆ ತೆಗೆದುಕೊಳ್ಳಲು ಹೊರಟರು, ಅಜ್ಜಿ ಅದರ ಮೇಲೆ ಕೈ ಇಟ್ಟರು. ಕೊಂಕಣಿಯಲ್ಲಿ ಹೇಳಿದರು. "ಅವಳು ಹುಟ್ಟಿದಾಗ ನಾನು ಬೇಡಿದ್ದು ಅವಳ ಜೀವ. ಅದು ಸಿಕ್ಕಿತು. ಮಾತು ಕೊಟ್ಟದ್ದು ನಾನು, ಅವಳು ಆಗ ಕಣ್ಣು ಬಿಟ್ಟಿರಲಿಲ್ಲ. ಈಗ ಅವಳು ತನ್ನ ದಾರಿ ನೋಡಿಕೊಳ್ಳುತ್ತಿದ್ದಾಳೆ. ಎಲ್ಲಿ ಹೋಗಿ ಮುಟ್ಟಿದರೂ ಅವಳಿಗಾಗಿ ಒಂದು ನಮೋ ಮರಿಯೆ ಹೇಳಿ." ಹೇಳಿ ಮೈಕ್ ಬಿಟ್ಟರು. ಫಾದರ್‌ಗೆ ಒಂದು ಅಕ್ಷರ ತಿಳಿಯಲಿಲ್ಲ, ನಗುತ್ತ ಚಪ್ಪಾಳೆ ತಟ್ಟಿದರು. ಚರ್ಚಿನ ಮುಕ್ಕಾಲು ಪಾಲು ಜನ ಅವರ ಜೊತೆ ಚಪ್ಪಾಳೆ ತಟ್ಟಿದರು. ನಮ್ಮ ಕೊಂಕಣಿಯವರ ಬೆಂಚುಗಳು ಮಾತ್ರ ಸ್ತಬ್ಧ. ಪಪ್ಪಾ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಮಳೆಯಲ್ಲಿ ಒದ್ದೆಯಾದದ್ದು ಎಂಬ ಹಾಗೆ. ಅಜ್ಜಿ ವಾಪಸು ಬಂದು ಕೂತು, ಶಾಲನ್ನು ಹೆಗಲಿನಿಂದ ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ.

ಅಂಗಳಕ್ಕೆ ಬಂದಾಗ ನಿನಗೆ ಗೊತ್ತಲ್ಲ, ಫಿಲೊಮಿನಾ ಬಾಯಿ ಬಾರದೆ ಇರುತ್ತಾರಾ. ಕೊಡೆ ಹಿಡಿದು ಅಜ್ಜಿಯ ಹತ್ತಿರಕ್ಕೇ ಬಂದು, "ಏನು, ವಿನಿಶಾ ಹಿಂದೆ ಬರುತ್ತಾಳಂತೆಯಾ?" ಎಂದು ಕೇಳಿದರು. ಅಜ್ಜಿ, "ಬಂದರೂ ನಿನ್ನ ಮನೆಗಲ್ಲವಲ್ಲ" ಅಂದರು. ಸುಜನ್ ಜೋರಾಗಿ ನಕ್ಕು ಪಪ್ಪಾನ ಹತ್ತಿರ ಬೈಸಿಕೊಂಡ.

ಇಷ್ಟೆಲ್ಲ ಆದ ಮೇಲೆ ಮನೆಯಲ್ಲಿ ಎಲ್ಲ ಸರಿಯಾಯಿತು ಎಂದು ಬರೆಯುವ ಆಸೆ ನನಗೂ ಉಂಟು. ಹಾಗೆ ಆಗಲಿಲ್ಲ. ಅಡುಗೆ ನಾನು ಬೆಳಗ್ಗೆಯೇ ಮಾಡಿಟ್ಟು ಹೋಗಿದ್ದೆ. ಕೆಸುವಿನ ದಂಟು, ಬೆಂಡೆ, ಹೀರೆ, ಹಾಗಲ, ಮೊಳಕೆ ಹೆಸರು. ಬಾಳೆ ಎಲೆ ಹಾಕಿ ಎಲ್ಲರನ್ನೂ ಕೂರಿಸಿದೆ. ಪಪ್ಪಾ ತೆನೆಯ ಕಾಳು ಸುಲಿದು ಕೊಟ್ಟರು, ನಾನು ತೆಂಗಿನ ಹಾಲು ಬೆಲ್ಲದಲ್ಲಿ ಅರೆದು ನವೆಂ ಮಾಡಿದೆ. ಹೊಸ ಅಕ್ಕಿಯನ್ನು ಹಂಚುವುದು ಯಾವಾಗಲೂ ಅಜ್ಜಿಯೇ ಅಲ್ಲವಾ. ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಿದರು, ಮೊದಲು ಸತ್ತವರದ್ದು, ಆಮೇಲೆ ಬದುಕಿರುವವರದ್ದು. ನಿನ್ನ ಹೆಸರಿಗೆ ಬಂದಾಗ ನಿಂತರು. ಕಳೆದ ವರ್ಷ "ನಿನ್ನ ದಾಸಿ ವಿನಿಶಾ" ಅಂದಿದ್ದರು. ಈ ಸಲ ಬರೀ "ವಿನಿಶಾ" ಅಂದರು. ಒಂದೂವರೆ ದಿನದ ಗಣಪತಿಗಳು ವಿಸರ್ಜನೆಗೆಂದು ತಲಾವಿಗೆ ಹೊರಟಿದ್ದವು, ಬೀದಿಯ ಢೋಲಿನಲ್ಲಿ ಆ ಹೆಸರೂ ಸರಿಯಾಗಿ ಕೇಳಲಿಲ್ಲ. ಎಲ್ಲರಿಗೂ ಚಮಚದಲ್ಲಿ ಕೊಟ್ಟು ಕಡೆಗೆ ನನಗೆ ಕೊಡುವಾಗ, "ಒಂದು ವಾರ ಬಾಯಿ ಮುಚ್ಚಿಕೊಂಡು ಇದ್ದಿ. ನಾನೇನು ಹುಲಿಯಾ?" ಅಂದರು. ನಾನು ನವೆಂ ಬಾಯಿಗೆ ಹಾಕಿಕೊಂಡೆ.

ಊಟ ಅವರು ಎರಡು ತುತ್ತು ಮಾಡಿದರು, ಅಷ್ಟೇ. ಮಧ್ಯಾಹ್ನ ನಾನು ಪಾತ್ರೆ ತೊಳೆಯುವಾಗ ಒಳಗಿನಿಂದ ಅವರ ಧ್ವನಿ ಕೇಳಿತು, ಜಪಸರ ಹಿಡಿದು ಮರಿಯಮ್ಮನ ಹತ್ತಿರವೇ ಮಾತಾಡುತ್ತಿದ್ದರು. ಸಿಟ್ಟಾಗಬೇಡ, ಲೆಕ್ಕ ಕೇಳುವುದಿದ್ದರೆ ನನ್ನ ಹತ್ತಿರ ಕೇಳು, ಕೂಸಿನ ಹತ್ತಿರ ಕೇಳಬೇಡ ಎಂದು. ಮತ್ತೆ ಮತ್ತೆ ಅದನ್ನೇ. ಅವರಿಗೆ ನಿಜವಾಗಿಯೂ ಹೆದರಿಕೆ, ಪುತಾ. ಕೊಟ್ಟ ಮಾತು ಮುರಿದದ್ದಕ್ಕೆ ನಿನಗೆ ಏನಾದರೂ ಆದೀತು ಎಂದು ಹೆದರಿಕೆ. ನಾನು ಕೈ ಒರೆಸಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಹೇಳಲು ನನಗೆ ದೊಡ್ಡ ಮಾತೇನೂ ತಿಳಿದಿರಲಿಲ್ಲ. "ಮಾಂಯ್, ಮರಿಯಮ್ಮನೂ ಒಬ್ಬಳು ತಾಯಿಯಲ್ಲವಾ, ಮಗಳ ವಿಷಯ ಅವಳಿಗೆ ಬಿಡಿಸಿ ಹೇಳಬೇಕಾ" ಅಂದೆ. ಅಜ್ಜಿ, "ನಿನಗೆ ಎಲ್ಲ ಸುಲಭ" ಅಂದರು. ಮರುದಿನವೂ ನನ್ನ ಹತ್ತಿರ ಹೆಚ್ಚು ಮಾತಿಲ್ಲ, ಸ್ನಾನ ಮಾಡಿಸುವಾಗ ನೀರು ಬಿಸಿ ಎನ್ನಲು ಮಾತ್ರ ಬಾಯಿ ತೆರೆದರು. ಹಾಗಾಗಿ ಅಜ್ಜಿ ಒಪ್ಪಿದ್ದಾರೆ ಎಂದು ನಾನು ಬರೆಯಲಾರೆ. ಅವರು ನಿನ್ನ ಬದಿಗೆ ನಿಂತರು, ಆದರೆ ಅಳುತ್ತ ನಿಂತಿದ್ದಾರೆ. ಎರಡೂ ನಿಜ.

ಇನ್ನು ನನ್ನ ಮಾತು. ಫೋನಿನಲ್ಲಿ ಹೇಳಲಾಗದ್ದು. ಬರುವುದಾದರೆ ಬಾ. ಆದೀತಾ ಎಂದು ಕೇಳುವುದೇ ಬೇಡ, ಇದು ನಿನ್ನ ಮನೆ. ಆದರೆ ಒಂದು. ಮೇಲೆ ನಾನು ನನ್ನ ಕಾಲು, ಅಜ್ಜಿಯ ಸ್ನಾನ, ಪಪ್ಪಾನ ಶುಗರ್ ಎಂದು ಬರೆದೆ, ಅದನ್ನು ಓದಿ, ಮಮ್ಮಿಗೆ ಸುಸ್ತಾಗಿದೆ, ಹೋಗಿ ಸಹಾಯ ಮಾಡುತ್ತೇನೆ ಎಂದು ಬರಬೇಡ. ಸುಸ್ತಾಗಿರುವುದು ಹೌದು, ತುಂಬ ಆಗಿದೆ, ನಿನಗೆ ಸುಳ್ಳು ಹೇಳಿ ಏನು ಪ್ರಯೋಜನ. ಆದರೆ ನೀನು ನಮಗೋಸ್ಕರ ಬಂದರೆ ಅದೂ ಇನ್ನೊಂದು ಹರಕೆಯೇ ಆಗುತ್ತದೆ. ಒಬ್ಬರ ಮಾತಿಗೆ ಹೋದಿ, ಇನ್ನೊಬ್ಬರ ಕಾಲುನೋವಿಗೆ ಬರಬೇ‍ಡ. ಅಲ್ಲಿ ಇರಬೇಕೆಂದು ನಿನಗೇ ಅನಿಸಿದರೆ ಇರು, ಡಿಸೆಂಬರಿಗೆ ನಾನೇ ಹೊಸ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ನಿಮ್ಮ ಸಿಸ್ಟರ್ ಈ ಪತ್ರವನ್ನು ಮೊದಲು ಓದುವುದಾದರೆ ಓದಲಿ. ಅವರಿಗೆ ನನ್ನ ನಮಸ್ಕಾರ. ಅವರು ನಿನ್ನನ್ನು ಎರಡು ವರ್ಷ ಚೆನ್ನಾಗಿ ನೋಡಿಕೊಂಡಿದ್ದಾರೆ, ನನಗೆ ಅವರ ಮೇಲೆ ಏನೂ ಇಲ್ಲ. ಪ್ರಾರ್ಥನೆ ಮಾಡು ಎಂದು ಅವರು ನಿನಗೆ ಹೇಳುತ್ತಿರಬಹುದು. ಮಾಡು. ಉತ್ತರ ಏನು ಬಂದರೂ ಅದನ್ನು ನಂಬು.

ಇದರ ಜೊತೆ ಆಶೀರ್ವಾದದ ತೆನೆಯ ಸ್ವಲ್ಪ ಕಾಳು ಇಟ್ಟಿದ್ದೇನೆ. ಅಲ್ಲಿ ಹಾಲು ಸಿಗುತ್ತದಲ್ಲ, ಅದರಲ್ಲಿ ಹಾಕಿ ತಿನ್ನು. ಕಾನ್ವೆಂಟಿನ ಕರು ಹೇಗಿದೆ? ಸುಜನ್ ನಿನಗೆ ಹಾಯ್ ಹೇಳಿದ್ದಾನೆ, ಕನ್ನಡದಲ್ಲಿ ಬರಿ ಅಂದರೆ ಓಡಿಹೋದ. ಪಪ್ಪಾ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾರೆ ಎಂದು ತಿಳಿದುಕೋ. ಬಾಲೆ ಮರಿಯಮ್ಮ ನಿನ್ನನ್ನು ತನ್ನ ತೊಟ್ಟಿಲಿನ ಹತ್ತಿರ ಇಟ್ಟುಕೊಂಡು ಕಾಯಲಿ, ನೀನು ಯಾವ ಮನೆಯಲ್ಲಿ ಇದ್ದರೂ.

ನಿನ್ನ
ಮಮ್ಮಿ
ಜೆಸಿಂತಾ

ಮತ್ತೆ: ಲಕೋಟೆಗೆ ಅಂಟು ಹಾಕುವ ಮೊದಲು ಬೇಗ ಬೇಗ ಬರೆಯುತ್ತಿದ್ದೇನೆ, ಪೋಸ್ಟ್ ಮುಚ್ಚುತ್ತದೆ, ಆಮೇಲೆ ಕ್ಲಿನಿಕ್ಕಿಗೂ ಹೋಗಬೇಕು. ನೀನು ಹೋದ ಮೇಲೆ ಒಳಕೋಣೆಯಲ್ಲಿ ಕಿಟಕಿಯ ಹತ್ತಿರ ನೀನು ಮಲಗುತ್ತಿದ್ದ ಜಾಗದಲ್ಲಿ ಅಜ್ಜಿಯ ಮಂಚ ಹಾಕಿದ್ದೆವು. ಇವತ್ತು ಬೆಳಗ್ಗೆ ಅವರು ಸುಜನ್‌ನನ್ನು ಎಬ್ಬಿಸಿ ಮಂಚವನ್ನು ಹಾಲ್‌ಗೆ ತರಿಸಿಕೊಂಡಿದ್ದಾರೆ. ಯಾಕೆ ಎಂದು ಕೇಳಿದರೆ ಕಿಟಕಿಯಲ್ಲಿ ಸೊಳ್ಳೆ ಬರುತ್ತದೆ ಅಂದರು. ಎರಡು ವರ್ಷ ಬಾರದ ಸೊಳ್ಳೆ. ನಾನು ಆ ಜಾಗ ಗುಡಿಸಿದೆ. ಬರುವ ವಾರ ಪಪ್ಪಾ ಪನವೇಲಿನಿಂದ ರೈಲು ಹತ್ತಿ ಮಂಗಳೂರಿಗೆ, ಅಲ್ಲಿಂದ ಬಸ್ಸಿನಲ್ಲಿ ನಿನ್ನ ಹತ್ತಿರ ಬರುತ್ತಾರೆ. ನಿಮ್ಮ ಸಿಸ್ಟರ್‌ಗೆ ಫೋನ್ ಮಾಡಿ ಹೇಳಿಯೂ ಆಗಿದೆ. ಅವರ ಕೈಯಲ್ಲಿ ಒಂದು ಖಾಲಿ ಚೀಲ ಇರುತ್ತದೆ. ನಿನ್ನ ಬಟ್ಟೆ ಅದರಲ್ಲಿ ತುಂಬಿದರೆ ಇಬ್ಬರೂ ಬನ್ನಿ. ತುಂಬದಿದ್ದರೆ ಪಪ್ಪಾನಿಗೆ ಊಟ ಹಾಕಿ, ಹೊತ್ತಿಗೆ ಮಾತ್ರೆ ತಿನ್ನಿಸಿ ಕಳಿಸು. ಚೀಲ ಖಾಲಿಯೇ ಬಂದರೂ ಮನೆಯಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ.